ಕಲ್ಲಿನ ಮೇಲೆ ನಿಂತ ಮನೆಬಸ್ಸು

"ಕೇಳ್ರಪ್ಪೋ ಕೇಳಿ! ಉದ್ದಂಡರಾಯರ ಮನೆಬಸ್ಸಿನ ನೆತ್ತಿಯ ಮೇಲಿರೋ ಏಸಿ ಸೋರ್ತಾ ಇದೆ. ರಾಜಕುಮಾರಿಯ ಹಾಸಿಗೆ ದಿನಾ ನೆನೀತಾ ಇದೆ. ದೊರೆಯ ಮೂರು ಒಗಟು ಬಿಡಿಸಿದವರು ಕೇಳಿದ್ದು ಸಿಗ್ತದೆ. ತಪ್ಪಿದವರ ತಲೆ ಹೊತ್ತು ಮುಳುಗೋವಾಗ ಉರುಳ್ತದೆ."

ಡಂಗೂರ ಕೇಳಿ ಮೊದಲು ಜನ ನಕ್ಕರು. ತಲೆಗಳು ಉರುಳತೊಡಗಿದ ಮೇಲೆ ಯಾರೂ ನಗಲಿಲ್ಲ.

ಉದ್ದಂಡರಾಯ ಅರಮನೆ ಬೇಸರವಾಗಿ, ಬಸ್ಸಿನೊಳಗೇ ಸಂಸಾರ ಹೂಡಿ ಸೀಮೆ ಸುತ್ತುತ್ತಿದ್ದ ದೊರೆ. ಎಲ್ಲಿ ತಂಗಿದರೂ ಬಸ್ಸಿನ ಮುಂದಿನ ಚಕ್ರಗಳನ್ನು ಕಲ್ಲುಚಪ್ಪಡಿಗಳ ಮೇಲೆ ಹತ್ತಿಸಬೇಕು. ಮುಂದೆ ಕೂರುವ ದೊರೆಯ ತಲೆ ಮಿಕ್ಕವರ ತಲೆಗಿಂತ ಮೇಲಿರಬೇಕಲ್ಲ! ಆ ಕಲ್ಲುಗಳ ಬಗ್ಗೆ ಚಕಾರವೆತ್ತಿದರೆ ಮನೆಮಂದಿಗೆಲ್ಲ ಶೂಲ.

ಪಾಳೇಗಾರನ ಮಗನೊಬ್ಬ ಬಂದು, ಏಸಿಯೊಳಗೆ ಮೋಡ ಅಡಗಿದೆ ಎಂದ, ತಲೆ ಕಳೆದುಕೊಂಡು ಹೋದ. ಮಂತ್ರವಾದಿ ಬಂದು ದೆವ್ವದ ಕಾಟ ಎಂದ, ಅವನೂ ಹೋದ. ಮೂರನೆಯವನು ಎರಡು ಒಗಟು ಬಿಡಿಸಿ, ಕಿಟಕಿಯಾಚೆ ಕಲ್ಲುಗಳನ್ನೇ ನೋಡುತ್ತ ನಿಂತು, ಕೊನೆಗೆ "ಗ್ರಹಚಾರ" ಎಂದು ತಲೆ ಕೊಟ್ಟ.

ನಾಲ್ಕನೆಯವನು ದ್ಯಾವ, ರಾಜಕುಮಾರಿಯ ಹಾಸಿಗೆ ಒಣಗಿಸುವ ಅಗಸ ಕೆಂಚನ ತಮ್ಮ. ಅವನೂ ಮೂರನೆಯದಕ್ಕೆ ತಪ್ಪಿದ. ಸುದ್ದಿ ತಿಳಿದು ಕೆಂಚ ಓಡಿ ಬಂದಾಗ ದ್ಯಾವನನ್ನು ಮರಕ್ಕೆ ಕಟ್ಟಿದ್ದರು.

"ಮೂರನೇದೂ ಗೊತ್ತಿತ್ತು ಕಣಣ್ಣ," ಎಂದ ದ್ಯಾವ. "ಹೇಳಿದ್ರೆ ಅವ್ವನೂ ಹೋಗೋಳು, ನೀನೂ ಹೋಗ್ತಿದ್ದೆ. ಮನೆಗೆ ಹೋಗು."

ಕೆಂಚನಿಗೆ ಬಸ್ಸಿನ ಚಕ್ರದಡಿಯ ಕಲ್ಲು ಕಂಡಿತು, ಎಲ್ಲವೂ ತಿಳಿಯಿತು. ಸರಿ ಹೇಳಿದರೂ ಸಾವು, ತಪ್ಪು ಹೇಳಿದರೂ ಸಾವು. ತಮ್ಮನಿಲ್ಲದ ಮನೆಗೆ ಹೋಗಲು ಮಾತ್ರ ಅವನ ಕೈಲಾಗಲಿಲ್ಲ. ದೊರೆಯ ಮುಂದೆ ಬರಿಗೈಲಿ ಹೋಗಬಾರದೆಂದು ಒಂದು ನಿಂಬೆಹಣ್ಣು ಹಿಡಿದು ಬಸ್ಸು ಹತ್ತಿದ.

"ಮಳೆಯಿಲ್ಲ, ಮೋಡವಿಲ್ಲ," ಎಂದ ದೊರೆ. "ನನ್ನ ಮಗಳ ಮೇಲೆ ತೊಟ್ಟಿಕ್ಕುವ ನೀರು ಯಾರದು?"

"ನಮ್ಮೆಲ್ಲರದೂ ಬುದ್ಧಿ. ನಾವು ಬಿಟ್ಟ ಉಸಿರು, ಬಾಗಿಲಿಂದ ಬಂದ ಸೆಕೆಗಾಳಿ. ತಣ್ಣೀರಿನ ಚೊಂಬು ಬೆವರೋ ಹಂಗೆ ಏಸಿಯೊಳಗೆ ನೀರಾಗ್ತದೆ."

"ಬಿಗಿದಷ್ಟೂ ಹೆಚ್ಚು ಸೋರುವುದು ಯಾವುದು?"

"ಏಸಿಯ ಅಡೀಲಿರೋ ರಬ್ಬರ್ ಮೆತ್ತೆ. ಬೋಲ್ಟು ಅತಿಯಾಗಿ ಬಿಗಿದ್ರೆ ಅಪ್ಪಚ್ಚಿಯಾಗಿ ಸಂದು ಬಿಡ್ತದೆ."

"ಓಡುವಾಗ ಸೋರದ ಬಸ್ಸು ನಿಂತಾಗ ಸೋರುವುದೇಕೆ?"

ಹೊರಗೆ ಕತ್ತಿ ಮಸೆಯುತ್ತಿದ್ದರು. ಅವ್ವನನ್ನಾದರೂ ಬಿಡಿ ಎಂದು ಬೇಡಲು ಕೆಂಚ ಬಗ್ಗಿ, ನಿಂಬೆಹಣ್ಣನ್ನು ದೊರೆಯ ಪಾದದ ಬಳಿ ಇಟ್ಟ. ಅದು ನಿಲ್ಲಲಿಲ್ಲ. ಉರುಳುತ್ತ ಹಿಂದೆ ಹೋಗಿ ರಾಜಕುಮಾರಿಯ ಮಂಚದಡಿ ನಿಂತಿತು. ಕೆಂಚ ಎತ್ತಿ ತಂದು, ಈ ಸಲ ಬೇಕೆಂದೇ ಅಲ್ಲೇ ಇಟ್ಟ. ಮತ್ತೆ ಉರುಳಿತು. ಕಲ್ಲೆಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ.

ದೊರೆಯ ಮುಖ ಕೆಂಪಾಯಿತು. ಮಗಳು ಹಣ್ಣನ್ನು ಎತ್ತಿಕೊಂಡಳು.

"ನೀರು ಹೊರಹೋಗೋ ತೂತು ಮುಂದಿದೆ, ನೀರು ಹಿಂದಕ್ಕೆ ಬರ್ತಿದೆ. ಕಲ್ಲು ತೆಗೆಸಿ ಅಪ್ಪ. ಇಲ್ಲಾಂದ್ರೆ ಈ ನಿಂಬೆಹಣ್ಣಿನ ಮನೆಮಂದೀನ ಶೂಲಕ್ಕೇರಿಸಿ."

ದೊರೆ ಬಸ್ಸಿನಿಂದ ಕೆಳಗಿಳಿದು ಕಲ್ಲುಗಳನ್ನು ನೋಡಿದ. ಆಮೇಲೆ ಕಲ್ಲು ತೆಗೆಸಿದ. ಬಸ್ಸು ಸಮವಾಯಿತು, ಸ್ವಲ್ಪ ಹೊತ್ತಿಗೆ ನೀರು ಹೊರಗೆ ಮಣ್ಣಿಗೆ ತೊಟ್ಟಿಕ್ಕಿತು.

"ಏನು ಬೇಕು?"

"ನನ್ನ ತಮ್ಮ, ಬುದ್ಧಿ."

"ಅವನಿಗೆ ಉತ್ತರ ಗೊತ್ತಿತ್ತೇ?"

"ಗೊತ್ತಿತ್ತು. ನಮ್ಮವ್ವ ಉಳೀಲಿ ಅಂತ ತಪ್ಪು ಹೇಳ್ದ."

ದೊರೆಯ ದನಿ ಇಳಿಯಿತು. "ಅವನಿಗಿಂತ ಮುಂಚೆ ಬಂದವರಿಗೆ?"

"ಕೇಳೋಣ ಅಂದ್ರೆ ಅವರು ಇಲ್ವಲ್ಲ, ಬುದ್ಧಿ."

ದ್ಯಾವನ ಕಟ್ಟು ಬಿಚ್ಚಿದರು. ಅಣ್ಣತಮ್ಮಂದಿರು ಮನೆಗೆ ಹೋಗಿ ಅವ್ವ ಬಡಿಸಿದ್ದನ್ನು ಉಂಡರು. ರಾಜಕುಮಾರಿ ಒಣಹಾಸಿಗೆಯಲ್ಲಿ ಮಲಗಿದಳು. ದೊರೆ ಮಾತ್ರ ಎಲ್ಲರ ಸಮಕ್ಕೆ ಕೂತು, ತಲೆ ಹೋದವರ ಹೆಸರೇನೆಂದು ಕಂಡಕಂಡವರನ್ನು ಕೇಳುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ.