ಆಲದ ಕೆಳಗಿನ ಐದು ಕಲ್ಲು

ಒಂದು ಕಾಡಿನಲ್ಲಿ ಇದ್ದದ್ದು ಒಂದೇ ಕೆರೆ. ಅದರ ನೀರೇ ಎಲ್ಲರಿಗೂ ಗತಿ. ಕೆರೆಯ ದಡದಲ್ಲಿ ಒಂದು ಆಲದ ಮರ, ಮರದ ಕೆಳಗೆ ಐದು ಚಪ್ಪಟೆ ಕಲ್ಲು. ಕಾಡಿನಲ್ಲಿ ಐದು ಕೇರಿಗಳಿದ್ದವು, ಕೇರಿಗೊಂದು ಕಲ್ಲು. ಕೇರಿಯ ಪರವಾಗಿ ಒಬ್ಬರು ಅದರ ಮೇಲೆ ಕೂತು ಮಾತಾಡಬೇಕು. ಮೂರು ಕಲ್ಲು ಹೂಂ ಎಂದರೆ ಅದೇ ತೀರ್ಮಾನ. ಆದರೆ ಕಲ್ಲು ಮುಟ್ಟಿ ಆಣೆಯಿಟ್ಟು ಆಡಿದ ಮಾತನ್ನು ಬದಲಿಸಬೇಕಾದರೆ ಐದೂ ಕಲ್ಲು ಒಪ್ಪಬೇಕು. ಇದು ಅಜ್ಜಂದಿರು ಹಾಕಿಕೊಟ್ಟ ಕಟ್ಟಳೆ.

ಅಜ್ಜಂದಿರ ಕಾಲಕ್ಕೆ ಇದು ಸರಿಯಾಗಿಯೇ ಇತ್ತು. ಆಗ ಪ್ರತಿ ಕೇರಿಯಲ್ಲೂ ಹತ್ತು ಹತ್ತು ತಲೆ. ಆಮೇಲೆ ಹುಲ್ಲುಗಾವಲು ಹಬ್ಬಿತು, ಮೊಲಗಳು ಹೆಚ್ಚಿದವು. ಮೊಲಗೇರಿಯಲ್ಲಿ ಈಗ ನೂರಿಪ್ಪತ್ತು ತಲೆ. ಕಾಡುಬೆಕ್ಕು, ಮುಂಗುಸಿ, ಮುಳ್ಳುಹಂದಿಗಳ ಕೇರಿಗಳಲ್ಲಿ ಹಿಂದಿನಂತೆಯೇ ಹತ್ತರ ಆಸುಪಾಸು. ನರಿಗೇರಿಯಲ್ಲಿ ಎಷ್ಟು ಗೊತ್ತೇ? ನಾಲ್ಕು! ಕೊಂಕಪ್ಪನೆಂಬ ನರಿ, ಅವನ ಹೆಂಡತಿ, ಇಬ್ಬರು ಮಕ್ಕಳು. ನಾಲ್ಕು ತಲೆಗೂ ಒಂದು ಕಲ್ಲು, ನೂರಿಪ್ಪತ್ತು ತಲೆಗೂ ಒಂದೇ ಕಲ್ಲು. ಇದ್ಯಾವ ಸೀಮೆ ನ್ಯಾಯ ಅಂತ ಕೇಳುವವರೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಕೆರೆ ಇಳಿಯಿತು. ಮೊಲಗಳನ್ನು ಹೀಗೇ ಬಿಟ್ಟರೆ ನಮಗೆ ಒಂದು ಹನಿಯೂ ಉಳಿಯುವುದಿಲ್ಲ ಎಂದು ಕೊಂಕಪ್ಪ ಉಳಿದ ಮೂರು ಕೇರಿಗಳ ಕಿವಿ ಊದಿದ. ನಾಲ್ಕು ಕಲ್ಲು ಒಂದಾದವು. ಹಗಲನ್ನು ಐದು ಪಾಲು ಮಾಡಿದವು. ಯಾವ ಕೇರಿಯೇ ಆಗಲಿ, ತನ್ನ ಪಾಲಿನ ಹೊತ್ತಿನಲ್ಲಿ ಮಾತ್ರ ನೀರಿಗಿಳಿಯಬೇಕು ಎಂದಾಯಿತು.

ನೀರಿಗಿಳಿಯಲು ಇದ್ದದ್ದು ಒಂದೇ ಇಕ್ಕಟ್ಟಾದ ದಾರಿ. ನರಿಗಳು ಕುಡಿದು, ಮೈ ತೊಳೆದು, ಮಿಕ್ಕ ಹೊತ್ತೆಲ್ಲ ನೀರಲ್ಲೇ ಬಿದ್ದುಕೊಂಡಿರುತ್ತಿದ್ದವು. ಮೊಲಗಳ ಸಾಲು ಅರ್ಧ ಕರಗುವಷ್ಟರಲ್ಲಿ ಅವುಗಳ ಹೊತ್ತು ಮುಗಿಯುತ್ತಿತ್ತು. ಮೊಲಗೇರಿಯ ಕಲ್ಲಿನ ಮೇಲೆ ಕೂರುತ್ತಿದ್ದವಳು ಗರಿಕಮ್ಮ ಎಂಬ ಮುದಿ ಮೊಲ. ಅವಳ ಮಗಳು ಆಗಷ್ಟೇ ಹೆತ್ತಿದ್ದಳು. ಎರಡು ದಿನ ನೀರು ಸಿಗದೆ ಆ ಬಾಣಂತಿಯ ಹಾಲೇ ಬತ್ತಿತು. ಮರಿಗಳು ಚೀಪಿ ಚೀಪಿ ಸುಸ್ತಾಗಿ ಮಲಗಿದವು. ಹೊಟ್ಟೆ ಉರಿಯುವುದಿಲ್ಲವೇ ಇದನ್ನು ಕೇಳಿದರೆ?

ತಲೆ ಎಣಿಸಿ, ನಮಗೆ ಇನ್ನಷ್ಟು ಕಲ್ಲು ಕೊಡಿ ಎಂದು ಗರಿಕಮ್ಮ ಆಲದ ಕೆಳಗೆ ಕೇಳಿದಳು. ಕೊಂಕಪ್ಪ ನಕ್ಕುಬಿಟ್ಟ. ಇಂಥ ಕಲ್ಲು ಈ ಕಾಡಿನಲ್ಲಿ ಇನ್ನೊಂದಿಲ್ಲ ಎಂದ. ಅಷ್ಟೊಂದು ಮರಿ ಹಾಕಿ ಅಂತ ಹೇಳಿದ್ದು ಯಾರು ಎಂದೂ ಕೇಳಿದ. ಆ ಬಾಯಿಗೆ ಬೆಂಕಿ ಬೀಳ! ಕೊನೆಗೆ ಕಲ್ಲಿನ ಮೇಲೆ ಪಂಜ ಊರಿ ಆಣೆಯಿಟ್ಟ.

"ಕಲ್ಲಿಗೆ ಕಲ್ಲು ಸಮ. ಯಾವ ವಿಷಯಕ್ಕೂ ತಲೆ ಎಣಿಸುವಂತಿಲ್ಲ."

ಉಳಿದ ಮೂವರೂ ಹೂಂಗುಟ್ಟಿದರು.

ಹತ್ತು ದಿನದಲ್ಲಿ ಕೆರೆ ಬರೀ ಕೆಸರಾಯಿತು. ಆ ಕೆರೆಯಲ್ಲೇ ಮುದುಕನಾಗಿದ್ದ ಆಮೆಜ್ಜ ಎಲ್ಲರನ್ನೂ ಕರೆದ. ಹೂಳು ತೆಗೆದರೆ ಕೆಳಗಿನಿಂದ ಒರತೆ ಬರುತ್ತದೆ, ಇಲ್ಲದಿದ್ದರೆ ಯಾರೂ ಉಳಿಯುವುದಿಲ್ಲ ಎಂದ. ಕೊಂಕಪ್ಪ ಥಟ್ಟನೆ ಎದ್ದ. ಮೊಲಗಳು ನೂರಿಪ್ಪತ್ತಿವೆ, ತಲೆಗಿಷ್ಟು ಅಂತ ಹೂಳು ಹೊರಲಿ ಎಂದ. ನೀರಿಗೆ ಕಲ್ಲಿನ ಲೆಕ್ಕ, ದುಡಿಮೆಗೆ ತಲೆಯ ಲೆಕ್ಕ! ನಾಚಿಕೆ ಅನ್ನುವುದು ಒಂಚೂರಾದರೂ ಬೇಡವೇ?

ಗರಿಕಮ್ಮ ತನ್ನ ಕಲ್ಲಿನಿಂದ ಕದಲಲಿಲ್ಲ.

"ತಲೆ ಎಣಿಸುವಂತಿಲ್ಲ ಕೊಂಕಪ್ಪ. ಅದು ನಿನ್ನದೇ ಆಣೆ. ಕಲ್ಲಿಗೊಂದು ಪಾಲು ಹೂಳು. ಯಾರ ಪಾಲಿನಲ್ಲಿ ಒರತೆ ಬಂತೋ ಆ ನೀರು ಅವರದು."

ಆಣೆ ಅಂದರೆ ಆಣೆಯೇ ಎಂದ ಆಮೆಜ್ಜ. ಅದನ್ನು ಬದಲಿಸಲು ಗರಿಕಮ್ಮನ ಕಲ್ಲೂ ಒಪ್ಪಬೇಕಲ್ಲ, ಅವಳು ಒಪ್ಪಲಿಲ್ಲ.

ಬೇರೆ ದಾರಿ ಕಾಣದೆ ಉಳಿದ ಕಲ್ಲುಗಳೂ ಅವಳ ಮಾತಿಗೆ ಹೂಂ ಎಂದವು. ಕೆರೆಯನ್ನು ಐದು ಸಮಪಾಲು ಮಾಡಿದರು. ಮೊಲಗಳು ಎರಡೇ ದಿನದಲ್ಲಿ ತಮ್ಮ ಪಾಲು ಮುಗಿಸಿದವು, ಒರತೆ ಬಂತು. ಗರಿಕಮ್ಮನ ಮಗಳು ಎಲ್ಲರಿಗಿಂತ ಮೊದಲು ಕುಡಿದಳು. ಆಚೆ ನಾಲ್ಕು ನರಿಗಳು ಸೊಂಟ ಮುರಿಯುವಂತೆ ಅಗೆದರೂ ಮೊಣಕಾಲುದ್ದ ಗುಂಡಿಯಾಗಲಿಲ್ಲ. ಬೆಕ್ಕು, ಮುಂಗುಸಿ, ಮುಳ್ಳುಹಂದಿಗಳೂ ಏದುಸಿರು ಬಿಡುತ್ತ, ಇವನ ಮಾತು ಕೇಳಿ ಕೆಟ್ಟೆವು ಎಂದು ಬೈದವು. ನಾಲ್ಕನೇ ದಿನ ಕೊಂಕಪ್ಪ ಒಣಗಿದ ನಾಲಿಗೆ ಹೊರಹಾಕಿಕೊಂಡು ಗರಿಕಮ್ಮನ ಮುಂದೆ ಬಂದು ನಿಂತ.

"ನಾವು ನಾಲ್ಕೇ ಜನ ಕಣವ್ವ. ಎಣಿಸಿ ನೋಡು."

"ಅವತ್ತು ನಾನು ಕೇಳಿದ್ದೂ ಅದನ್ನೇ," ಎಂದಳು ಗರಿಕಮ್ಮ.

ಇನ್ನು ಮುಂದೆ ಮಾತಿಗೂ, ನೀರಿಗೂ, ದುಡಿಮೆಗೂ ತಲೆಯದೇ ಲೆಕ್ಕ. ಹತ್ತು ತಲೆಗೊಂದು ಕಲ್ಲು. ಹತ್ತು ಮಳೆಗಾಲಕ್ಕೊಮ್ಮೆ ಹೊಸದಾಗಿ ಎಣಿಕೆ ಎಂದಳು. ಇದಕ್ಕೆ ಐದೂ ಕಲ್ಲು ಒಪ್ಪಿದವು. ಎಲ್ಲರಿಗಿಂತ ಮೊದಲು ಹೂಂ ಎಂದವನು ಕೊಂಕಪ್ಪನೇ. ಆ ಕ್ಷಣವೇ ಮೊಲಗಳು ಉಳಿದವರ ಪಾಲಿಗೂ ಇಳಿದು ಹೂಳು ಹೊತ್ತವು.

ಇಂಥ ಕಲ್ಲು ಇನ್ನೊಂದಿಲ್ಲ ಅಂದಿದ್ದನಲ್ಲ? ಅವನ ಪಾಲಿನ ಹೂಳಿನಡಿಯಲ್ಲೇ ಹತ್ತು ಚಪ್ಪಟೆ ಕಲ್ಲು ಸಿಕ್ಕವು. ಮೊಲಗಳಿಗೆ ಬೇಕಾದದ್ದು ಹನ್ನೆರಡು. ಅವರ ಹಳೆಯದೊಂದು ಸೇರಿ ಹನ್ನೊಂದಾಯಿತು. ನಾಲ್ಕು ತಲೆಗೆ ಒಂದು ಕಲ್ಲು ಬರುವುದಿಲ್ಲವಾದ್ದರಿಂದ ಕೊಂಕಪ್ಪ ಈಗ ಬೆಕ್ಕುಗಳ ಕಲ್ಲಿನ ತುದಿಯಲ್ಲಿ ಮುದುರಿ ಕೂರುತ್ತಾನೆ. ಅವನ ಹಳೇ ಕಲ್ಲೇ ಹನ್ನೆರಡನೆಯದು. ಅದರ ಮೇಲೆ ಗರಿಕಮ್ಮನ ಮಗಳು ಕೂರುತ್ತಾಳೆ.

ನೀತಿ: ಹೊರೆ ಹೊರಿಸುವಾಗ ತಲೆ ಎಣಿಸುವವರು, ಪಾಲು ಕೊಡುವಾಗಲೂ ತಲೆ ಎಣಿಸಬೇಕು.