ದೋಣಿ ಕೇಳಿದ ಹುಟ್ಟು

ಗುಲಾಬಿಯಕ್ಕ ಮನೆಯ ಜಗಲಿಯಲ್ಲೇ ಕೂತು, ಸಾಹುಕಾರರ ಮನೆಯ ಹಳೇ ತೇಗದ ಬಾಗಿಲನ್ನು ಸೀಳಿ ಪುಟ್ಟ ದೋಣಿಯೊಂದನ್ನು ಕಟ್ಟಿದಳು. ಸೌದೆ ರಾಶಿಯಿಂದ ಹಲಗೆಯೊಂದನ್ನು ಎಳೆದು ಹುಟ್ಟುಗೋಲನ್ನೂ ಕೆತ್ತಿ ದೋಣಿಯೊಳಗಿಟ್ಟಳು. ದೋಣಿಗೆ ಮೈಯೆಲ್ಲ ಉರಿದುಹೋಯಿತು.

“ಎಲೈ, ನಾನು ದೊಡ್ಡ ಮನೆಯ ಬಾಗಿಲಾಗಿದ್ದವನು. ನನ್ನ ಮಡಿಲಲ್ಲಿ ಮಲಗಲು ನಿನ್ನ ಹುಟ್ಟೇನು, ಹೇಳು?”

“ಒಲೆಗೆ ಹೊರಟಿದ್ದವನು ಸ್ವಾಮಿ, ಅಷ್ಟೇ ಗೊತ್ತು,” ಎಂದಿತು ಹುಟ್ಟುಗೋಲು.

ಹೊಳೆಯ ನಡುವೆ ಗುಲಾಬಿಯಕ್ಕ ವೀಳ್ಯ ಮಡಿಸಲೆಂದು ಹುಟ್ಟುಗೋಲನ್ನು ಪಕ್ಕಕ್ಕಿಟ್ಟದ್ದೇ ತಡ, ದೋಣಿ ಮೈ ಒದರಿ ಅದನ್ನು ನೀರಿಗೆ ಕೆಡವಿತು. ಮರುಕ್ಷಣವೇ ಸೆಳೆತವು ದೋಣಿಯನ್ನು ಬುಗುರಿಯಂತೆ ತಿರುಗಿಸುತ್ತ ಕಡಲಿನತ್ತ ಎಳೆಯಿತು. ಗುಲಾಬಿಯಕ್ಕ ಇದ್ದಬದ್ದ ದೇವರನ್ನೆಲ್ಲ ಕರೆದಳು. ದೋಣಿ ಕರೆದದ್ದು ಒಬ್ಬನನ್ನೇ.

“ಅಣ್ಣಾ, ಬೇಗ ಒಳಗೆ ಬಾರೋ!”

ಪಕ್ಕದಲ್ಲೇ ತೇಲುತ್ತಿದ್ದ ಹುಟ್ಟುಗೋಲು ಕೇಳಿತು: “ನನ್ನ ಹುಟ್ಟು ವಿಚಾರಿಸುವುದು ಬೇಡವೇ?”

“ಹುಟ್ಟು ವಿಚಾರಿಸುವ ಹೊತ್ತೇನಣ್ಣ ಇದು?”

ಗುಲಾಬಿಯಕ್ಕ ಚಾಚಿದ ಕೈಯನ್ನು ಸೇರುತ್ತ ಹುಟ್ಟುಗೋಲು ನಕ್ಕಿತು: “ಇದೇ ಹೊತ್ತು ಸ್ವಾಮಿ. ನಿಮಗೆ ಬೇಕಾದ ಹುಟ್ಟು ನಾನೇ.”