ಮೂರನೆಯ ಮಣೆ

ಡಂಗುರ ಸಾರಿದ್ದು ಹೀಗೆ: “ಕೇಳಿರಪ್ಪೋ ಕೇಳಿ! ಕಿರಿಯ ರಾಜಕುಮಾರಿ ಹೊನ್ನಾಂಬೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ. ಬಿಡಿಸಲಾರದವನಿಗೆ ಶೂಲ!”

ತಲೆಯಿದ್ದವರು ಮನೆಯಲ್ಲೇ ಉಳಿದರು. ಮೀಸೆಯಿದ್ದವರು ಮಾತ್ರ ಬಂದರು. ಒಬ್ಬ ನೆರೆರಾಜ್ಯದ ಯುವರಾಜ, ಇನ್ನೊಬ್ಬ ಸೇನಾಪತಿಯ ಮಗ.

ತುಂಬಿದ ಸಭೆಯಲ್ಲಿ ಹೊನ್ನಾಂಬೆ ಕೇಳಿದಳು: “ಮದುಮಗಳಂತೆಯೇ ಸಿಂಗಾರ, ಕೊರಳಿಗೆ ತಾಳಿಯಿಲ್ಲ, ಯಾರು? ಕೈಯಲ್ಲೇ ಗಂಗೆ, ಬಾಯಾರಿದರೂ ಕುಡಿಯುವಂತಿಲ್ಲ, ಯಾರು? ಮೈಮೇಲೆ ಅಕ್ಷತೆ ಬಿದ್ದರೂ ಹರಸಿದವರಿಲ್ಲ, ಯಾರು?”

“ಗೊಂಬೆ, ಮೋಡ, ನೆಲ,” ಎಂದ ಯುವರಾಜ. ಭಟರು ಅವನ ಕೈ ಕಟ್ಟಿದರು.

“ನವಿಲು, ಸಮುದ್ರ, ಹಸೆಯ ಚಾಪೆ,” ಎಂದ ಸೇನಾಪತಿಯ ಮಗ. ಅವನಿಗೂ ಹಗ್ಗ ಬಿತ್ತು.

ಅರಮನೆಗೆ ಕಂಬಳಿ ಹೊತ್ತು ತಂದಿದ್ದ ಕುರಿಗಾಹಿ ಮೈಲಾರ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ರಾಜ ಅದನ್ನು ಕಂಡ.

“ಅಳು ಯಾಕಯ್ಯಾ?”

“ಬುದ್ಧೀ, ಆ ಮೂರೂ ಒಬ್ಬಳೇ. ನಮ್ಮಕ್ಕ.”

ಸಭೆ ಗೊಳ್ಳೆಂದು ನಕ್ಕಿತು. ರಾಜ ನಗಲಿಲ್ಲ. “ಬಾಯಿ ಬಿಟ್ಟ ಮೇಲೆ ನೀನೂ ಪಣಕ್ಕೆ ಬಿದ್ದೆ. ತಪ್ಪಿದರೆ ಶೂಲವೇ.”

ಮೈಲಾರ ಹೊತ್ತ ಕಂಬಳಿ ಕೆಳಗಿಟ್ಟು ಮುಂದೆ ಬಂದ. ತಾನು ಸತ್ತರೆ ಅಕ್ಕ ಮಾಳವ್ವನಿಗೆ ಗಂಜಿ ಕಾಯಿಸಿ ಕೊಡುವವರೂ ಇಲ್ಲ. ಆದರೂ ಹೇಳಿದ:

“ಕಳಸಗಿತ್ತಿ, ಬುದ್ಧೀ. ಮದುಮಗಳ ಮಗ್ಗುಲಲ್ಲಿ ಕಳಸ ಹಿಡಿದು ನಿಲ್ಲೋಳು. ಅವಳಿಗೂ ಹೊಸ ಸೀರೆ, ಹೂವು. ತಾಳಿ ಮಾತ್ರ ಪಕ್ಕದವಳಿಗೆ. ಕಳಸದಲ್ಲಿರೋದೇ ಗಂಗೆ. ತುಳುಕಿದರೇ ಅಪಶಕುನ ಅಂತಾರೆ, ಇನ್ನು ಕುಡಿಯೋದೆಲ್ಲಿ ಬಂತು? ಅಕ್ಷತೆ ಹಾಕೋದು ಗಂಡು-ಹೆಣ್ಣಿಗೆ. ಗುರಿ ತಪ್ಪಿದ ಕಾಳು ಅವಳ ಪಾಲಿಗೆ. ನಮ್ಮ ಹಟ್ಟಿಯ ಹೆಣ್ಣುಮಕ್ಕಳಿಗೆಲ್ಲ ಅಕ್ಕನೇ ಕಳಸ ಹಿಡಿದಳು. ತಾಯಿಯಿಲ್ಲದ ನನ್ನನ್ನ ಸಾಕೋದರಲ್ಲಿ ಅವಳ ಮದುವೆ ವಯಸ್ಸೇ ಕಳೆದುಹೋಯ್ತು. ಪ್ರತಿ ಸಲ ಮನೆಗೆ ಬಂದು ನಡುಗೋ ತೋಳು ಒತ್ತಿಕೊಳ್ಳೋಳು.”

ಚಾಮರ ಬೀಸುವವರ ಕೈ ನಿಂತಿತು. ಹೊನ್ನಾಂಬೆ ಮೆಟ್ಟಿಲಿಳಿದು ಬಂದಳು. ಇಬ್ಬರು ಅಕ್ಕಂದಿರ ಮದುವೆಯಲ್ಲೂ ಕಳಸ ಹಿಡಿದು ನಿಂತವಳು ಅವಳೇ.

“ಅವತ್ತು ನನ್ನನ್ನು ಯಾರೂ ನೋಡಲಿಲ್ಲ,” ಎಂದಳು. “ನೀವಿದ್ದಿದ್ದರೆ ನೋಡುತ್ತಿದ್ದಿರಿ.”

“ಗೆದ್ದೆ. ಇನ್ನೇನು ಬೇಕು, ಕೇಳು,” ಎಂದ ರಾಜ ಮೈಲಾರನಿಗೆ.

“ಆ ಇಬ್ಬರನ್ನೂ ಬಿಟ್ಟುಬಿಡಿ, ಬುದ್ಧೀ. ಮದುವೆಗೆ ಎರಡಲ್ಲ, ಮೂರು ಮಣೆ ಹಾಕಿಸಿ.”

ಹಾಗೇ ಆಯಿತು. ಮೂರನೆಯ ಮಣೆಯ ಮೇಲೆ ಮಾಳವ್ವ ಕಳಸವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ರಾಜ ಮೊದಲ ಹಿಡಿ ಅಕ್ಷತೆಯನ್ನು ಗುರಿಯಿಟ್ಟು ಅವಳ ತಲೆಯ ಮೇಲೆಯೇ ಹಾಕಿದ. ಅವಳು ಬೆಚ್ಚಿದಳು. ಕಳಸ ತುಳುಕಿತು. ಅಪಶಕುನ ಎಂದವರು ಒಬ್ಬರೂ ಇಲ್ಲ.